ಮೈಕು ಹಿಡಿದವನು ಅಖಾಡಕ್ಕಿಳಿದರೆ

ಪ್ರೀತಿಯ ತಮ್ಮಾ,

ಸಿದ್ದಾಪುರದ ಕಬಡ್ಡಿ ಪಂದ್ಯಕ್ಕೆ ನೀನು ಹೇಳಿದ ಕಮೆಂಟ್ರಿಯನ್ನು ಮೊಬೈಲಿನಲ್ಲಿ ಕೇಳಿದೆ. ರೇಡರ್‌ಗಿಂತ ಮೊದಲೇ ನಿನ್ನ ಉಸಿರು ಕಟ್ಟಿತ್ತಲ್ಲೋ! ನಕ್ಕು ನಕ್ಕು ಸಾಕಾಯಿತು. ನಿಮ್ಮ ಮನೆ ಸುದ್ದಿಯೂ ಬಂತು. ಚವತಿಯ ಮನರಂಜನೆಗೆ ಹುಡುಗರೆಲ್ಲ ಸೇರಿ ಟಿವಿಯಲ್ಲಿ ಬರುವಂಥ ಕುಸ್ತಿ ಆಡುತ್ತೀರಂತೆ, ಕಮೆಂಟ್ರಿ ಹೇಳುತ್ತಲೇ ಪೆಟ್ಟು ತಿನ್ನುವ ಪಾತ್ರ ನಿನ್ನದಂತೆ, ಚಿಕ್ಕಪ್ಪ ಮುಖ ಊದಿಸಿಕೊಂಡಿದ್ದಾನಂತೆ. ‘ಸುಳ್ಳು ಕುಸ್ತಿಗೆ ಹೋಗಿ ಮರ್ಯಾದೆ ಕಳೆದುಕೊಳ್ಳುತ್ತಾನೆ’ ಅನ್ನುವುದು ಅವನ ಸಂಕಟ.

ಅದನ್ನು ಕೇಳಿ ನನಗೆ ಜೋನಾಥನ್ ಕೋಚ್‌ಮನ್ ನೆನಪಾದ. ನಿನಗೆ ನೆನಪಿದ್ದಾನೋ ಇಲ್ಲವೋ. ನಾವು ಟೆನ್ ಸ್ಪೋರ್ಟ್ಸ್ ಚಾನೆಲ್ಲಿನ ಕುಸ್ತಿಯೆದುರು ಕೂತು ಬೈಸಿಕೊಳ್ಳುತ್ತಿದ್ದ ಕಾಲದಲ್ಲಿ ನೀನು ತೀರಾ ಸಣ್ಣವನು. ಅವನು ಅಮೆರಿಕದ ಕಾನ್ಸಸ್ ಕಡೆಯವನು, ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿದವನು, ಕಾನ್ಸಸ್ ಸಿಟಿಯ ಟಿವಿಯಲ್ಲಿ ಇಸ್ತ್ರಿ ಮುರಿಯದ ಕೋಟು ತೊಟ್ಟು ಕ್ರೀಡಾವಾರ್ತೆ ಓದುತ್ತಿದ್ದವನು. 1999ರಲ್ಲಿ ಆ ಟಿವಿ ಕುಸ್ತಿಯ ಕಂಪನಿ ಸೇರಿದ. ಅಲ್ಲಿ ಅವನ ಕೆಲಸವೇನು ಗೊತ್ತಾ? ಮೈಕು ಹಿಡಿದು ಪ್ರಶ್ನೆ ಕೇಳುವುದು, ಕುಸ್ತಿಪಟು ದಿ ರಾಕ್‌ನಿಂದ ಗೇಲಿ ಮಾಡಿಸಿಕೊಳ್ಳುವುದು! ಲಕ್ಷಾಂತರ ಜನರೆದುರು ಪೆಚ್ಚಾಗಿ ನಿಲ್ಲುವುದು ಸುಲಭವಲ್ಲ ಮಾರಾಯ. ಅವನು ಪೆಚ್ಚಾದಷ್ಟೂ ರಾಕ್ ದೊಡ್ಡವನಾಗಿ ಕಾಣುತ್ತಿದ್ದ. ನನಗೆ ಆಗ ರಾಕ್ ಇಷ್ಟ, ಈಗ ಕೋಚ್‌ಮನ್ ಇಷ್ಟ.

2003ರಲ್ಲಿ ಕಂಪನಿ ಮಾಲೀಕನ ಮಗ ಶೇನ್ ಮೆಕ್‌ಮೆಹನ್‌ಗೆ ಕುರ್ಚಿಯಿಂದ ಬಾರಿಸಿ ಖಳನಾದ. ಮುಂದಿನ ತಿಂಗಳೇ ಅಲ್ ಸ್ನೋ ಎಂಬವನನ್ನು ಜೊತೆ ಮಾಡಿಕೊಂಡು ಜಿಮ್ ರಾಸ್, ಜೆರ್ರಿ ಲಾಲರ್ ಎಂಬ ಕಮೆಂಟ್ರಿ ಜೋಡಿಯ ಮೇಲೆ ಕುಸ್ತಿಗಿಳಿದ. ಗೆದ್ದವರಿಗೆ ಬಹುಮಾನ ‘ರಾ’ ಕಾರ್ಯಕ್ರಮದ ಕಮೆಂಟ್ರಿ ಕುರ್ಚಿ! ಇದನ್ನು ಬರೆಯುವಾಗಲೂ ನಗು ಬರುತ್ತಿದೆ. ಗೆದ್ದಿದ್ದೂ ಇವನೇ.

ಎಲ್ಲ ಮೊದಲೇ ಗೊತ್ತುಮಾಡಿದ ಆಟ ಅನ್ನುತ್ತಾನೆ ಚಿಕ್ಕಪ್ಪ. ಹೌದಪ್ಪ. ಆದರೆ ಕರ್ಣಪರ್ವದ ತಾಳಮದ್ದಳೆಗೆ ಬೆಳಗಿನವರೆಗೂ ಕೂರುವ ಅವನಿಗೆ ಕರ್ಣ ಸಾಯುವುದು ಗೊತ್ತಿಲ್ಲವೇ? ಗೊತ್ತಿದ್ದೂ ಕಣ್ಣೊರೆಸಿಕೊಳ್ಳುತ್ತಾನೆ, ಮರುದಿನ ಕವಳ ಹಾಕುತ್ತ ಅರ್ಥಧಾರಿಯ ಮಾತನ್ನು ಅಳೆದು ತೂಗುತ್ತಾನೆ.

ಇನ್ನು ಮರ್ಯಾದೆಯ ಮಾತು. ಇಷ್ಟೆಲ್ಲ ನಗೆಪಾಟಲಾದ ಕೋಚ್‌ಮನ್‌ನನ್ನು 2008ರಲ್ಲಿ ಇಎಸ್‌ಪಿಎನ್ ಕರೆದು ಕೂರಿಸಿತು. 2017ರವರೆಗೆ ಮತ್ತೆ ಅದೇ ಗಂಭೀರ ಕ್ರೀಡಾವಾರ್ತೆ, ಯಾರೂ ಬಾಗಿಲು ಹಾಕಲಿಲ್ಲ. 2018ರ ಜನವರಿಯಲ್ಲಿ ತಿರುಗಿ ‘ರಾ’ ಕಮೆಂಟ್ರಿಗೆ ಬಂದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ಜಾಗಕ್ಕೆ ರೆನೀ ಯಂಗ್ ಬಂದಳು, ಅವಳೂ ಕೆನಡಾದ ಕ್ರೀಡಾ ಟಿವಿಯಿಂದಲೇ ಬಂದವಳು. ‘ರಾ’ಗೆ ಪೂರ್ಣಾವಧಿ ಕಮೆಂಟ್ರಿ ಹೇಳಿದ ಮೊದಲ ಹೆಂಗಸು. ಕೋಚ್‌ಮನ್ ಜಾಗ ಹೋಯಿತಲ್ಲ ಎಂದು ಮರುಗಲೋ, ನಮ್ಮವಳೊಬ್ಬಳು ಕೂತಳಲ್ಲ ಎಂದು ಹಿಗ್ಗಲೋ ತಿಳಿಯದಾಯಿತು ನನಗೆ!

ನಮ್ಮಲ್ಲಿ ಕುಸ್ತಿಗಿಳಿದ ಕಮೆಂಟ್ರಿಯವರು ಸಿಗಲಿಕ್ಕಿಲ್ಲ. ಆದರೆ ಕ್ರಿಕೆಟ್ ಕಮೆಂಟ್ರಿ ಹೇಳುತ್ತಿದ್ದ ಚಾರು ಶರ್ಮಾ ಉದ್ಯಮಿ ಆನಂದ್ ಮಹೀಂದ್ರಾ ಜೊತೆ ಸೇರಿ 2014ರಲ್ಲಿ ಪ್ರೊ ಕಬಡ್ಡಿ ಕಟ್ಟಿದರು. 2022ರ ಫೆಬ್ರವರಿಯಲ್ಲಿ ಬೆಂಗಳೂರಿನ ಐಪಿಎಲ್ ಹರಾಜಿನ ನಡುವೆ ಹರಾಜುಗಾರ ಕುಸಿದುಬಿದ್ದಾಗ ಓಡಿಬಂದು ಸುತ್ತಿಗೆ ಹಿಡಿದವರೂ ಅವರೇ. ಮಾತು ಬಲ್ಲವನಿಗೆ ಒಂದೇ ಕುರ್ಚಿ ಅಂತ ಇರುವುದಿಲ್ಲ ನೋಡು.

ನನ್ನ ಹೆದರಿಕೆ ಬೇರೆ. ಗೆಲುವು ಸೋಲು ಸುಳ್ಳಾದರೂ ಬೀಳುವುದು ನಿಜ. ಟಿವಿ ಕುಸ್ತಿಯವರು ಗದ್ದವನ್ನು ಎದೆಗೊತ್ತಿ, ಬೆನ್ನಿನ ಮೇಲ್ಭಾಗ ಅಗಲವಾಗಿ ನೆಲ ಮುಟ್ಟುವಂತೆ, ಕೈ ಚಾಚಿ ಬಡಿದು ಬೀಳುವುದನ್ನು ತಿಂಗಳುಗಟ್ಟಲೆ ಕಲಿಯುತ್ತಾರೆ. ಅಷ್ಟಾದರೂ ಬೆನ್ನು, ಕುತ್ತಿಗೆ ಕಳೆದುಕೊಂಡವರಿದ್ದಾರೆ. ನಿಮ್ಮ ಸ್ಟೇಜಿನ ಒದ್ದೆ ಹಲಗೆ ಮೇಲೆ ಅದೆಲ್ಲ ಬೇಡವೇ ಬೇಡ. ಬಾಯಲ್ಲೇ ಪೆಟ್ಟು ತಿನ್ನು, ಬಿದ್ದಂತೆ ಕೂಗು, ಅದು ನಿನಗೆ ಚೆನ್ನಾಗಿ ಬರುತ್ತದೆ. ಕೂಗಿ ಕೂಗಿ ಗಂಟಲು ಒಡೆಯಬೇಡ, ಮಳೆಗಾಲ ಬೇರೆ.

ಇಲ್ಲಿ ಮಳೆ ಬಿಡುವು ಕೊಟ್ಟಿಲ್ಲ, ಅಡಿಕೆಗೆ ಕೊಳೆಮದ್ದು ಹೊಡೆಯುವುದು ಬಾಕಿ ಉಳಿದಿದೆ. ಅದು ಮುಗಿದ ಕೂಡಲೇ ನಿಮ್ಮ ಯಲ್ಲಾಪುರಕ್ಕೆ ಬರುತ್ತೇನೆ. ಚಿಕ್ಕಪ್ಪನ ಹತ್ತಿರ ಮಾತು ನಾನೇ ತೆಗೆಯುತ್ತೇನೆ. ನೀನು ಮಾತ್ರ ಪಕ್ಕದಲ್ಲಿ ನಿಂತು ಕಮೆಂಟ್ರಿ ಶುರುಮಾಡಬೇಡ.

ನಿನ್ನ,
ಶಿರಸಿ ಅಕ್ಕ