ಹನುಮಂತನು ಸುಗ್ರೀವನ ಸಂಗಡ ಏಕಿದ್ದನು?

ನಮ್ಮ ಸೀಮೆಯಲ್ಲಿ ರಾಮಾಯಣವು ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚಾಗಿ ಹೊಳೆಯ ದಂಡೆಗಳಲ್ಲಿರುವುದು. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ ಹುಣಸೂರನ್ನು ಹಾದು ಕಾವೇರಿಯನ್ನು ಸೇರುವ ನದಿಗೆ ಲಕ್ಷ್ಮಣತೀರ್ಥವೆಂದೇ ಹೆಸರು. ಹಿಂದೆ ಎಡತೊರೆಯೆನಿಸಿಕೊಂಡಿದ್ದ ಕೃಷ್ಣರಾಜನಗರದ ಸೀಮೆಯಲ್ಲಿ, ಕಾವೇರಿಯು ಬಂಡೆಗಳ ಮೇಲಿಂದ ಧುಮುಕುವ ಚುಂಚನಕಟ್ಟೆಯಲ್ಲಿ ಕೋದಂಡರಾಮನ ಗುಡಿಯಿರುವುದು. ಅಲ್ಲಿ ಸೀತಾದೇವಿಯು ಎಲ್ಲೆಡೆಯಂತೆ ಎಡಕ್ಕೆ ನಿಲ್ಲದೆ ರಾಮನ ಬಲಕ್ಕೆ ನಿಂತಿರುವಳು. ಅದೇ ಸೀಮೆಯ ಹನಸೋಗೆಯು ಜೈನರ ಪುರಾತನ ಕ್ಷೇತ್ರ; ಅಲ್ಲಿಯ ಬಸದಿಗಳನ್ನು ಮೊದಲು ಸ್ಥಾಪಿಸಿದವನು ದಶರಥನ ಮಗನಾದ ರಾಮನೇ ಎಂದು ಅಲ್ಲಿಯ ಹಳೆಯ ಶಾಸನಗಳು ಹೇಳುವುವು. ಇನ್ನು ಆಂಜನೇಯನ ಗುಡಿಯಿಲ್ಲದ ಊರನ್ನು ಹೆಗ್ಗಡದೇವನಕೋಟೆಯಿಂದ ಪಿರಿಯಾಪಟ್ಟಣದವರೆಗೆ ಹುಡುಕಿದರೂ ಸಿಕ್ಕುವುದು ಕಷ್ಟ. ಆದುದರಿಂದ ಇಲ್ಲಿಯ ಮಕ್ಕಳು ರಾಮಾಯಣದ ವಿಷಯದಲ್ಲಿ ಪ್ರಶ್ನೆ ಮಾಡಿದರೆ, ಅದು ದೂರದ ಕಥೆಯ ಪ್ರಶ್ನೆಯಲ್ಲ. ನೆರೆಮನೆಯವರ ವಿಷಯವನ್ನು ಕೇಳಿದಂತೆಯೇ ಸರಿ.

ನಾವು ಉಪಾಧ್ಯಾಯವೃತ್ತಿಯಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವಕ್ಕೆ ಕಿಷ್ಕಿಂಧೆಯ ಪ್ರಸಂಗವನ್ನು ನಾಟಕವಾಗಿ ಆಡಿಸುವುದೆಂದು ಒಮ್ಮೆ ಗೊತ್ತಾಯಿತು. ಹನುಮಂತನ ವೇಷಕ್ಕೆ ಆರಿಸಿದ ಹುಡುಗನು ಕೋಟೆಯ ಕಡೆಯವನು. ಒಳ್ಳೆಯ ಮೈಕಟ್ಟು, ಅದಕ್ಕಿಂತ ಒಳ್ಳೆಯ ಬುದ್ಧಿ. ಮಾತುಗಳನ್ನು ಕಂಠಪಾಠ ಮಾಡುತ್ತಿದ್ದವನು ನಡುವೆ ನಿಲ್ಲಿಸಿ ಕೇಳಿದನು: “ಮೇಷ್ಟ್ರೇ, ಇಷ್ಟು ಶಕ್ತಿ ಇರೋನು, ಇಷ್ಟು ಓದಿರೋನು, ಅಣ್ಣನಿಗೆ ಹೆದರಿ ಓಡಿಹೋದವನ ಗುಂಪಿಗೆ ಯಾಕೆ ಸೇರ್ಕೊಂಡ?”

ಪ್ರಶ್ನೆಯು ಲಘುವಾದುದಲ್ಲ. ರಾಮನು ಕಂಡ ಕಾಲಕ್ಕೆ ಸುಗ್ರೀವನ ಸ್ಥಿತಿ ಹೇಗಿದ್ದಿತೆಂಬುದನ್ನು ವಾಚಕರು ನೆನೆಯಬೇಕು. ರಾಜ್ಯ ಹೋಗಿದ್ದಿತು, ಹೆಂಡತಿಯಾದ ರುಮೆಯು ವಾಲಿಯ ವಶದಲ್ಲಿದ್ದಳು, ತಲೆಯ ಮೇಲೆ ಗುಹೆಯ ಬಾಗಿಲನ್ನು ಮುಚ್ಚಿ ಅಣ್ಣನನ್ನು ವಂಚಿಸಿದನೆಂಬ ಅಪವಾದವಿದ್ದಿತು. ದೇಶದೇಶಗಳನ್ನು ಅಲೆದು ಕಡೆಗೆ ಋಷ್ಯಮೂಕದಲ್ಲಿ ನಾಲ್ವರು ಮಂತ್ರಿಗಳೊಡನೆ ಅಡಗಿದ್ದನು. ಆ ನಾಲ್ವರಲ್ಲಿ ಹನುಮಂತನೊಬ್ಬನು. ಇಂತಹ ಧರ್ಮವೀರನಿಗೆ ಆ ಗುಂಪಿನಲ್ಲಿ ಏನು ಕೆಲಸ? ವಾಲಿಯ ಆಸ್ಥಾನದಲ್ಲಿದ್ದರೆ ಮಾನ ಮರ್ಯಾದೆಗಳುಂಟು, ತಪೋವನದಲ್ಲಿದ್ದರೆ ಶಾಂತಿಯುಂಟು. ಎರಡನ್ನೂ ಬಿಟ್ಟು ಓಡುವವನೊಡನೆ ಓಡಿದುದಕ್ಕೆ ಪೂರ್ವಕಥೆಯೊಂದು ಬೇಕೇಬೇಕಲ್ಲವೆ?

ಹರಿಕಥೆಯ ದಾಸರು ಇದಕ್ಕೊಂದು ಸೊಗಸಾದ ಉತ್ತರವನ್ನು ಕೊಡುವರು. ಹನುಮಂತನು ಸೂರ್ಯನಲ್ಲಿ ವಿದ್ಯೆ ಕಲಿತನು. ಗುರುದಕ್ಷಿಣೆ ಏನೆಂದು ಕೇಳಿದಾಗ, ಭೂಮಿಯಲ್ಲಿರುವ ತನ್ನ ಮಗನಾದ ಸುಗ್ರೀವನನ್ನು ಕಾಪಾಡಿಕೊಂಡಿರೆಂದು ಸೂರ್ಯನು ಹೇಳಿದನು. ಗುರುವಿನ ಋಣವನ್ನು ತೀರಿಸಲು ಶಿಷ್ಯನು ಸುಗ್ರೀವನನ್ನು ಸೇರಿದನು. ಈ ಉತ್ತರವನ್ನೇ ನಾವು ಆ ಹುಡುಗನಿಗೆ ಹೇಳಿದೆವು. ಅವನು ಕ್ಷಣಕಾಲ ಸುಮ್ಮನಿದ್ದು, “ಹಾಗಾದ್ರೆ ಸುಗ್ರೀವನಿಗೆ ಪಟ್ಟ ಆದ್ಮೇಲೆ ಋಣ ತೀರ್ತಲ್ಲ ಮೇಷ್ಟ್ರೇ, ಆಮೇಲೂ ಯಾಕೆ ಅಲ್ಲೇ ಇದ್ದ?” ಎಂದನು. ಈ ಎರಡನೆಯ ಪ್ರಶ್ನೆಯೇ ನಮ್ಮನ್ನು ಮತ್ತೆ ಮೂಲಗ್ರಂಥದ ಕಡೆಗೆ ತಿರುಗಿಸಿತು.

ವಾಲ್ಮೀಕಿಯಲ್ಲಿ ಗುರುದಕ್ಷಿಣೆಯ ಕಥೆಯಿಲ್ಲ. ಆದರೆ ಆಶ್ಚರ್ಯವೇನೆಂದರೆ, ಈ ಸಂದೇಹವು ಶ್ರೀರಾಮನಿಗೇ ಬಂದಿದ್ದಿತು! ಉತ್ತರಕಾಂಡದಲ್ಲಿ ಅವನು ಅಗಸ್ತ್ಯರನ್ನು ಕೇಳುವನು: ವಾಲಿಸುಗ್ರೀವರಿಗೆ ವೈರ ಬಂದಾಗ ಇಷ್ಟು ಪರಾಕ್ರಮವುಳ್ಳ ಹನುಮಂತನು ವಾಲಿಯನ್ನೇಕೆ ಸುಡಲಿಲ್ಲ, ಪ್ರಾಣಪ್ರಿಯನಾದ ಮಿತ್ರನು ಕಷ್ಟಪಡುತ್ತಿರುವುದನ್ನು ಏಕೆ ನೋಡುತ್ತ ಕುಳಿತನು? ಅಗಸ್ತ್ಯರು ಹೇಳುವರು: ಬಾಲ್ಯದಲ್ಲಿ ಆಶ್ರಮಗಳಲ್ಲಿ ಚೇಷ್ಟೆ ಮಾಡಿದುದರಿಂದ ಋಷಿಗಳು ಅವನಿಗೆ, ಯಾರಾದರೂ ನೆನಪು ಮಾಡುವವರೆಗೆ ನಿನ್ನ ಬಲವು ನಿನಗೇ ತಿಳಿಯದಿರಲಿ ಎಂದು ಶಾಪವಿತ್ತರು. ಸಮುದ್ರತೀರದಲ್ಲಿ ಜಾಂಬವಂತನು ಜನ್ಮವೃತ್ತಾಂತವನ್ನು ಹೇಳಿ ಅವನನ್ನು ಹುರಿದುಂಬಿಸಿದುದು ನಮಗೆಲ್ಲರಿಗೂ ಗೊತ್ತಿರುವುದಷ್ಟೆ. ಆದರೆ ಶಾಪದ ಕಥೆಯು ಹನುಮಂತನು ವಾಲಿಯೊಡನೆ ಏಕೆ ಕಾದಲಿಲ್ಲವೆಂಬುದಕ್ಕೆ ಉತ್ತರವೇ ಹೊರತು, ಸುಗ್ರೀವನ ಜೊತೆಗೆ ಏಕಿದ್ದನೆಂಬುದಕ್ಕೆ ಉತ್ತರವಲ್ಲ.

ಬೇರೆ ಸಂಪ್ರದಾಯಗಳವರೂ ಈ ಗಂಟನ್ನು ತಮ್ಮ ತಮ್ಮ ರೀತಿಯಲ್ಲಿ ಬಿಡಿಸಿರುವರು. ಜೈನರಾಮಾಯಣಗಳಲ್ಲಿ ವಾನರರು ಕಪಿಗಳಲ್ಲ, ಕಪಿಧ್ವಜವುಳ್ಳ ವಿದ್ಯಾಧರರು. ಹನುಮಂತನು ಮೊದಲು ರಾವಣನ ಪಕ್ಷಕ್ಕೇ ನೆರವಾಗಿದ್ದು, ಸೀತಾಪಹರಣದ ಅಧರ್ಮವಾದ ಮೇಲೆ ರಾಮನ ಕಡೆಗೆ ಬರುವನು. ಮಧ್ವಮತದವರು ಪ್ರಶ್ನೆಯನ್ನೇ ತಿರುಗಿಸುವರು: ಹನುಮಂತನು ಸುಗ್ರೀವನಲ್ಲಿದ್ದುದರಿಂದಲೇ ರಾಮನು ಸುಗ್ರೀವನ ಪಕ್ಷವನ್ನು ಹಿಡಿದನು; ಮುಂದೆ ಭೀಮನು ಅರ್ಜುನನ ಕಡೆಯಿದ್ದುದರಿಂದ ಕೃಷ್ಣನೂ ಆ ಕಡೆಯಾದನು; ವಾಯುವಿರುವಲ್ಲಿ ಹರಿಯಿರುವನು ಎಂದು. ಈ ಒಂದೊಂದು ಉತ್ತರಕ್ಕೂ ಅದರದರ ಗಾಂಭೀರ್ಯವುಂಟು.

ನಮಗಾದರೋ, ಅಗಸ್ತ್ಯರು ಅದೇ ಪ್ರಕರಣದಲ್ಲಿ ನಡುವೆ ಹೇಳಿಹೋಗುವ ಒಂದು ಸಣ್ಣ ಮಾತು ಎಲ್ಲಕ್ಕಿಂತ ಹೆಚ್ಚಿನದಾಗಿ ತೋರುವುದು. ಸುಗ್ರೀವನಿಗೂ ಹನುಮಂತನಿಗೂ ಬಾಲ್ಯದಿಂದ ಸ್ನೇಹವಿದ್ದಿತು. ಅದು ಗಾಳಿಗೂ ಬೆಂಕಿಗೂ ಇರುವಂತಹ ಅಭೇದ್ಯವಾದ ಸಖ್ಯವಾಗಿದ್ದಿತು. ಇಷ್ಟೆ. ಇಲ್ಲಿ ಸಾಲವಿಲ್ಲ, ಆಣೆಯಿಲ್ಲ, ವರವಿಲ್ಲ.

ಇದರ ಬೆಲೆ ತಿಳಿಯಬೇಕಾದರೆ, ಋಣದಿಂದ ಪಕ್ಷ ಸೇರಿದ ಮಹಾವೀರರನ್ನು ನೋಡಬೇಕು. ಭೀಷ್ಮದ್ರೋಣರು ಯುದ್ಧಾರಂಭದಲ್ಲಿ ತಮ್ಮ ಬಳಿಗೆ ಬಂದ ಧರ್ಮರಾಜನಿಗೆ, ತಾವು ಕೌರವರ ಅರ್ಥಕ್ಕೆ ಕಟ್ಟುಬಿದ್ದವರೆಂದು ತಾವೇ ಹೇಳಿಕೊಂಡರು. ಕರ್ಣನು ರಂಗಮಂಟಪದಲ್ಲಿ ಪಡೆದ ಅಂಗರಾಜ್ಯದ ಉಪಕಾರಕ್ಕೆ ಜೀವವನ್ನೇ ತೆತ್ತನು. ಶಲ್ಯನು ದಾರಿಯಲ್ಲಿ ಉಂಡ ಉಪಚಾರವು ದುರ್ಯೋಧನನದೆಂದು ತಿಳಿಯದೆ ಸಿಕ್ಕಿಬಿದ್ದನು. ಇವರು ಬಲದಲ್ಲಾಗಲಿ ವಿದ್ಯೆಯಲ್ಲಾಗಲಿ ಯಾರಿಗೂ ಕಡಮೆಯಲ್ಲ. ಆದರೆ ದ್ಯೂತಸಭೆಯಲ್ಲಿ ದ್ರೌಪದಿಯು ಪ್ರಶ್ನೆ ಕೇಳಿದಾಗ ಭೀಷ್ಮರಿಂದ ಬಂದುದು ಧರ್ಮದ ಗತಿ ಸೂಕ್ಷ್ಮವೆಂಬ ಮಾತು ಮಾತ್ರ. ತಿನ್ನುವ ಅನ್ನವು ಮೊದಲು ಕಟ್ಟುವುದು ಕೈಯನ್ನಲ್ಲ, ನಾಲಗೆಯನ್ನು.

ಈಗ ಹನುಮಂತನ ನಾಲಗೆಯನ್ನು ನೋಡೋಣ. ಕಾವ್ಯದಲ್ಲಿ ಅವನು ಮೊದಲು ಬಾಯಿ ತೆರೆಯುವುದೇ ತನ್ನ ಒಡೆಯನನ್ನು ಆಕ್ಷೇಪಿಸುವುದಕ್ಕೆ. ರಾಮಲಕ್ಷ್ಮಣರನ್ನು ದೂರದಿಂದ ಕಂಡು, ಇವರು ವಾಲಿಯು ಕಳುಹಿಸಿದವರೆಂದು ಸುಗ್ರೀವನು ಬೆಟ್ಟದಿಂದ ಬೆಟ್ಟಕ್ಕೆ ಹಾರುತ್ತಿರಲು, ಹನುಮಂತನು ಅವನನ್ನು ನಿಲ್ಲಿಸಿ, ನಿನ್ನ ಕಪಿತನವನ್ನು ಚೆನ್ನಾಗಿ ತೋರಿಸಿದೆ, ಚಂಚಲಬುದ್ಧಿಯ ರಾಜನು ಪ್ರಜೆಗಳನ್ನು ಆಳಲಾರನು ಎಂಬ ಅರ್ಥದ ಮಾತನ್ನಾಡುವನು. ಅನಂತರ ಅದೇ ನಾಲಗೆಯಿಂದಲೇ ಭಿಕ್ಷುವೇಷದಲ್ಲಿ ರಾಮನೊಡನೆ ಮಾತನಾಡಿ, ಇವನಿಗೆ ವೇದವ್ಯಾಕರಣಗಳು ಚೆನ್ನಾಗಿ ತಿಳಿದಿರಬೇಕು, ಒಂದು ಅಪಶಬ್ದವೂ ಬರಲಿಲ್ಲವೆಂಬ ಹೊಗಳಿಕೆಯನ್ನು ಪಡೆಯುವನು. ಸಂಸ್ಕೃತವನ್ನು ಕಲಿಸಿ ಜೀವನ ಮಾಡಿದ ನಮ್ಮಂತಹವರಿಗೆ ಈ ಪ್ರಶಂಸೆಯನ್ನು ಓದುವಾಗಲೆಲ್ಲ ರೋಮಾಂಚವಾಗುವುದು.

ಪಟ್ಟವಾದ ಮೇಲೆ ಸುಗ್ರೀವನು ಭೋಗದಲ್ಲಿ ಮುಳುಗಿ ರಾಮಕಾರ್ಯವನ್ನು ಮರೆತನು. ಮಳೆಗಾಲ ಕಳೆದು ಆಕಾಶ ತಿಳಿಯಾದಾಗ, ಲಕ್ಷ್ಮಣನು ಕೋಪದಿಂದ ಬರುವುದಕ್ಕೆ ಮೊದಲೇ, ಕೊಟ್ಟ ಮಾತಿನ ಕಾಲ ಮೀರುತ್ತಿದೆಯೆಂದು ಎಚ್ಚರಿಸಿದವನು ಹನುಮಂತನು. ಲಕ್ಷ್ಮಣನು ಬಂದ ಮೇಲೆ, ತಪ್ಪು ನಿನ್ನದು, ಕೈಮುಗಿಯುವುದೇ ದಾರಿಯೆಂದು ಹೇಳಿದವನೂ ಅವನೇ. ವಿಭೀಷಣನು ಶರಣು ಬಂದಾಗ ಅವನನ್ನು ಸೇರಿಸಬಾರದೆಂದು ಸುಗ್ರೀವನು ಹಟ ಹಿಡಿದನು. ತುಂಬಿದ ಸಭೆಯಲ್ಲಿ ತನ್ನ ರಾಜನ ಮಾತಿಗೆ ವಿರುದ್ಧವಾಗಿ, ಅವನನ್ನು ಸ್ವೀಕರಿಸಬಹುದೆಂದು ಹೇಳಿದವನು ಹನುಮಂತನು. ಮನೆ ಬಿಟ್ಟುಬಂದವನ ಕಷ್ಟವು ಮನೆ ಬಿಟ್ಟವನ ಜೊತೆಯಲ್ಲಿ ಅಲೆದವನಿಗಲ್ಲದೆ ಇನ್ನಾರಿಗೆ ತಿಳಿದೀತು? ಹೀಗೆ ಸ್ನೇಹದಿಂದ ಸೇರಿದವನು ಕಡೆಯವರೆಗೆ ಜೊತೆಯಲ್ಲಿಯೂ ಇದ್ದನು, ಕಡೆಯವರೆಗೆ ಸ್ವತಂತ್ರನಾಗಿಯೂ ಇದ್ದನು. ಪಟ್ಟವಾದ ಮೇಲೂ ಏಕಿದ್ದನೆಂಬ ಹುಡುಗನ ಪ್ರಶ್ನೆಗೆ ಇದೇ ಉತ್ತರ: ಸಾಲಕ್ಕೆ ತೀರುವಳಿಯುಂಟು, ಸ್ನೇಹಕ್ಕಿಲ್ಲ, ಅಲ್ಲದೆ ಸುಗ್ರೀವನಿಗೆ ಕಾಡಿನಲ್ಲಿದ್ದಾಗ ಬೇಕಾಗಿದ್ದುದಕ್ಕಿಂತ ಸಿಂಹಾಸನದಲ್ಲಿದ್ದಾಗಲೇ ಅಂತಹ ಮಿತ್ರನು ಹೆಚ್ಚಾಗಿ ಬೇಕಾಗಿದ್ದನು.

ಇದು ಪುರಾಣಕಾಲಕ್ಕೆ ಮಾತ್ರ ಸಲ್ಲುವ ಮಾತೆಂದು ಯಾರೂ ಭಾವಿಸಬೇಕಾದುದಿಲ್ಲ. ಹುಣಸೂರಿನ ಕಡೆಯ ಒಂದು ಹೊಗೆಸೊಪ್ಪಿನ ಬೇಸಾಯದ ಮನೆಯಲ್ಲಿ ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರಿಗೆ ಮನಸ್ತಾಪವಾಗಿ, ತಮ್ಮನು ಉಟ್ಟ ಬಟ್ಟೆಯಲ್ಲಿ ಹೊರಬೀಳಬೇಕಾಯಿತು. ಇಬ್ಬರೂ ನಮ್ಮ ಶಿಷ್ಯರು. ತಮ್ಮನ ಜೊತೆಗೆ ಅವನ ಸ್ನೇಹಿತನೊಬ್ಬನು ಹೊರಟನು. ಗರಡಿಯಲ್ಲಿ ಪಳಗಿದ ಆಳು, ದುಡ್ಡುಕಾಸಿನಲ್ಲಿ ಶುದ್ಧಹಸ್ತನು, ಯಾರ ಮನೆಯಲ್ಲಾದರೂ ಗೌರವವಾಗಿ ಬಾಳಬಹುದಾಗಿದ್ದವನು. ಪಿರಿಯಾಪಟ್ಟಣದ ಕಡೆ ವಾರಕ್ಕೆ ಭೂಮಿ ಹಿಡಿದು, ರಾತ್ರಿಯೆಲ್ಲ ಬ್ಯಾರನ್ನಿನ ಬೆಂಕಿ ಕಾಯುತ್ತ ಇಬ್ಬರೂ ಎರಡು ಮೂರು ವರ್ಷ ಕಷ್ಟಪಟ್ಟರು. ಇವನಿಗೇನು ಗ್ರಹಚಾರವೆಂದು ಜನರು ಆಡಿಕೊಂಡರು. ನಾವು ಕೇಳಿದಾಗ ಅವನು ಹೇಳಿದುದು ಒಂದೇ ಮಾತು: “ಅವನು ನಮ್ಮೋನು ಮೇಷ್ಟ್ರೇ.”

ಒಂದು ವರ್ಷ ಸೊಪ್ಪಿಗೆ ಒಳ್ಳೆಯ ಬೆಲೆ ಬಂದಿತು. ಕೈಯಲ್ಲಿ ಹಣವಾಡಿದ ಕೂಡಲೆ ತಮ್ಮನು ಹೊಸ ಮೋಟಾರುಬೈಕನ್ನು ತಂದನು. ಅವರು ಬಂದ ಹೊಸತರಲ್ಲಿ ಗೊಬ್ಬರಕ್ಕೂ ಸೌದೆಗೂ ತನ್ನ ಗಂಟನ್ನು ಬಿಚ್ಚಿ ಕೊಟ್ಟಿದ್ದ ಮುದುಕಿಯೊಬ್ಬಳು ಹಣಕ್ಕಾಗಿ ಎರಡು ಸಲ ಬಂದು ಹಿಂದಿರುಗಿದ್ದಳು. ಸ್ನೇಹಿತನು ಹತ್ತು ಜನರ ಮುಂದೆ ಬೈಕಿಗೆ ಅಡ್ಡವಾಗಿ ನಿಂತು, “ಮೊದಲು ಅಜ್ಜಿ ದುಡ್ಡು ಕೊಡು, ಆಮೇಲೆ ಗಾಡಿ ಹತ್ತು” ಎಂದನು. ತಮ್ಮನು ಒಂದು ತಿಂಗಳು ಅವನೊಡನೆ ಮಾತು ಬಿಟ್ಟನು. ಆದರೆ ಮುದುಕಿಯ ಹಣ ಮೂರನೆಯ ದಿವಸವೇ ಸಂದಾಯವಾಯಿತು. ಇಂದಿಗೂ ಅವರಿಬ್ಬರೂ ಕೂಡಿಯೇ ಇರುವರು. ಅವನೇನಾದರೂ ಸಂಬಳದ ಆಳಾಗಿದ್ದರೆ, ಅಥವಾ ತಮ್ಮನಿಂದ ಯಾವುದಾದರೊಂದು ಉಪಕಾರವನ್ನು ಪಡೆದಿದ್ದರೆ, ಆ ದಿನ ದಾರಿಗೆ ಅಡ್ಡ ನಿಲ್ಲುತ್ತಿದ್ದನೆಂದು ನಮಗೆ ತೋರುವುದಿಲ್ಲ.

ಗೃಹಸ್ಥರಾದ ವಾಚಕರಿಗೆ ಮಕ್ಕಳ ಸಹವಾಸದ ಚಿಂತೆ ಇದ್ದೇ ಇರುವುದು. ಮಗನು ಯಾವನೋ ಕೆಲಸವಿಲ್ಲದವನ ಜೊತೆ ಸೇರಿದನು, ಮಗಳು ಯಾವಳೋ ಕಷ್ಟಕ್ಕೆ ಸಿಕ್ಕಿದವಳ ಪಕ್ಷ ವಹಿಸಿದಳು ಎಂದು ತಾಯಿತಂದೆಗಳು ನಿದ್ರೆಗೆಡುವರು. ಹೆಸರುವಾಸಿಯಾದ ಮನೆಯವರ ಗುಂಪನ್ನು ಸೇರಿದರೆ ಮಾತ್ರ ನಿಶ್ಚಿಂತರಾಗುವರು. ಆದರೆ ಕೌರವಸಭೆಯೂ ಹೆಸರುವಾಸಿಯಾದುದೇ ಆಗಿದ್ದಿತು. ಋಷ್ಯಮೂಕದ ಐವರು ಹೊರನೋಟಕ್ಕೆ ದಿಕ್ಕುಗೆಟ್ಟವರೇ ಆಗಿದ್ದರು. ಆದಕಾರಣ ಮಗುವು ಯಾರೊಡನೆ ಸೇರಿತೆಂದು ಕೇಳಿದ ಮೇಲೆ ಇನ್ನೊಂದನ್ನೂ ಕೇಳಬೇಕೆಂದು ನಮ್ಮ ವಿಜ್ಞಾಪನೆ: ಆ ಗುಂಪಿನಲ್ಲಿ ಇದು ತಪ್ಪು ಎಂದು ಹೇಳುವ ಸ್ವಾತಂತ್ರ್ಯ ಅದಕ್ಕೆ ಇರುವುದೆ? ಹೇಳಿಯೂ ನಾಳೆ ಅಲ್ಲಿಯೇ ಉಣ್ಣಬಲ್ಲುದೆ? ಹೌದಾದರೆ, ಆ ಗುಂಪು ಎಷ್ಟೇ ಬಡವಾಗಿರಲಿ, ಭಯಪಡಬೇಕಾದ ಕಾರಣವಿಲ್ಲ. ಇಲ್ಲವಾದರೆ, ಅದು ಅರಮನೆಯೇ ಆಗಿದ್ದರೂ ಮಗುವನ್ನು ಹಿಂದಕ್ಕೆ ಕರೆಯುವುದೇ ಲೇಸು.