ಕ್ರಿಸ್ಮಸ್ ರಜೆಯಲ್ಲಿ ಲಂಡನ್ ಯಾತ್ರೆ

ದೇಶಾಂತರಕ್ಕೆ ಹೊರಡುವ ಗೃಹಸ್ಥನು ಮೊದಲು ಹಣವನ್ನು ಎಣಿಸುತ್ತಾನೆ. ಅದು ಅವಶ್ಯಕವೇ ಸರಿ. ಆದರೆ ಕ್ರಿಸ್ಮಸ್ ರಜೆಯಲ್ಲಿ ಲಂಡನ್ ನಗರವನ್ನು ನೋಡಬೇಕೆನ್ನುವವನು ಹಣದೊಡನೆ ಹಗಲನ್ನೂ ಎಣಿಸಬೇಕು. ಅತ್ತಿಗುಪ್ಪೆಯ ನಮ್ಮ ಮನೆಯಲ್ಲಿ ಈಗ ಈ ಯಾತ್ರೆಯ ಆಲೋಚನೆ ನಡೆದಿರುವುದರಿಂದ, ನಾವು ವಿಚಾರಿಸಿ ತಿಳಿದುದನ್ನು ವಾಚಕರ ಮುಂದಿಡುತ್ತೇವೆ.

ರಜೆಯು ಮೊಮ್ಮಗನ ಶಾಲೆಯದು, ಹತ್ತೇ ದಿನ. ನಮ್ಮ ಮನೆಯವರಿಗೆ ಮೊಣಕಾಲಿನ ನೋವು. ಇಂಥ ಯಾತ್ರೆ ಮತ್ತೊಮ್ಮೆ ಕೈಗೂಡುವುದೆಂಬ ಭರವಸೆಯ ವಯಸ್ಸು ನಮ್ಮಿಬ್ಬರದೂ ಅಲ್ಲ. ಆದುದರಿಂದ ಏನನ್ನು ನೋಡಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದೇ ದೊಡ್ಡ ಪ್ರಶ್ನೆಯಾಯಿತು.

ಬೆಂಗಳೂರು ಇರುವುದು 13ನೆಯ ಉತ್ತರ ಅಕ್ಷಾಂಶದ ಬಳಿ. ಲಂಡನ್ 51ನ್ನು ದಾಟಿದೆ. ಧನುರ್ಮಾಸದಲ್ಲಿ ನಮಗೆ ಹನ್ನೊಂದು ಗಂಟೆಗೆ ಮಿಕ್ಕ ಹಗಲಿರುವಾಗ ಅಲ್ಲಿ ಎಂಟು ಗಂಟೆಯೂ ತುಂಬದು. ಬೆಳಗ್ಗೆ ಎಂಟರ ಸುಮಾರಿಗೆ ಸೂರ್ಯೋದಯ. ನಾಲ್ಕು ಹೊಡೆಯುವ ಮೊದಲೇ ಅಸ್ತಮಯ. ಆ ಗಡಿಯಾರವು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವುದರಿಂದ ಮೊದಲೆರಡು ದಿನ ನಸುಕಿನಲ್ಲಿಯೇ ಎಚ್ಚರವಾಗಿ ಸಂಜೆಗೇ ನಿದ್ರೆ ಬರುವುದು ಸಹಜ.

ನಮ್ಮಲ್ಲಿ ಹಬ್ಬವೆಂದರೆ ಬಸ್ಸುಗಳು ಕಿಕ್ಕಿರಿದು ಓಡುವ ಕಾಲ. ಅಲ್ಲಿ ಡಿಸೆಂಬರ್ 25ರಂದು ನಗರದ ಬಸ್ಸುಗಳೂ ಭೂಗತ ರೈಲುಗಳೂ ಓಡುವುದಿಲ್ಲ. ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ, ಬ್ರಿಟಿಷ್ ಮ್ಯೂಸಿಯಂಗಳು 24ರಿಂದ 26ರವರೆಗೆ ಮುಚ್ಚಿರುತ್ತವೆ. ಮೊದಲನೆಯದರಲ್ಲಿ, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಇಂಗ್ಲಿಷರು ಕೊಂಡೊಯ್ದ ಟಿಪ್ಪು ಸುಲ್ತಾನನ ಮರದ ಹುಲಿಯಿದೆ. ಬಿಳಿಯ ಸಿಪಾಯಿಯ ಮೇಲೆರಗಿರುವ ಆ ಹುಲಿಯ ಹೊಟ್ಟೆಯೊಳಗೆ ಪುಟ್ಟದೊಂದು ಆರ್ಗನ್ ವಾದ್ಯವಿದೆ. “ತಾತ, ಹುಲಿ ನೋಡದೆ ನಾನು ಬರುವುದಿಲ್ಲ” ಎಂದು ಮೊಮ್ಮಗನ ಹಟ. 22ಕ್ಕೆ ತಲಪಿ 23ರಂದೇ ಹುಲಿಯನ್ನು ನೋಡುವುದೆಂದು ಗೊತ್ತುಮಾಡಿದೆವು. ತಪ್ಪಿದರೆ 27 ಕೈಯಲ್ಲಿರುತ್ತದೆ. ಪ್ರವೇಶಕ್ಕೆ ಶುಲ್ಕವಿಲ್ಲ.

ಹಬ್ಬದ ದಿನಕ್ಕೆ ಬಸವಣ್ಣನವರ ದರ್ಶನ. ನಮ್ಮ ಅತ್ತಿಗುಪ್ಪೆಗೆ ಮೆಟ್ರೋ ರೈಲು ಬಂದ 2015ರ ನವೆಂಬರಿನಲ್ಲಿಯೇ ಥೇಮ್ಸ್ ನದಿಯ ಲ್ಯಾಂಬೆತ್ ದಂಡೆಯಲ್ಲಿ ಅವರ ಪ್ರತಿಮೆಯು ಅನಾವರಣಗೊಂಡಿತು. ಬಯಲಿನಲ್ಲಿರುವುದರಿಂದ ಅದಕ್ಕೆ ಬಾಗಿಲಿಲ್ಲ, ಬೀಗವಿಲ್ಲ. ಆದರೆ ನಡೆದೇ ಹೋಗಬೇಕು. ದೂರದ ಬಡಾವಣೆಯಲ್ಲಿ ಇಳಿದುಕೊಂಡರೆ ಬಾಡಿಗೆ ಉಳಿಯುವುದೆಂದು ಮಗನು ವಾದಿಸಿದನು. “ರೈಲಿಲ್ಲದ ದಿನ ನನ್ನನ್ನು ಹೊತ್ತುಕೊಂಡು ಹೋಗುತ್ತೀಯೇನಪ್ಪ?” ಎಂದು ಅವನ ತಾಯಿ ಕೇಳಲು ವಾದವು ಮುಗಿಯಿತು. ವಸತಿಯು ಲ್ಯಾಂಬೆತ್ತಿನಲ್ಲಿಯೇ ಎಂದು ನಿಶ್ಚಯವಾಯಿತು.

ಆ ಹೆಚ್ಚಿನ ವೆಚ್ಚಕ್ಕಾಗಿ ಬಿಟ್ಟದ್ದು ಆಕ್ಸ್‌ಫರ್ಡ್. ನಾವು ಪಾಠ ಹೇಳುತ್ತಿದ್ದ ಕಾಲವೆಲ್ಲ ಕೈಯಲ್ಲಿದ್ದ ಸಂಸ್ಕೃತ ನಿಘಂಟಿನ ಕರ್ತೃ ಮೋನಿಯರ್ ವಿಲಿಯಮ್ಸರು ಪ್ರಾಧ್ಯಾಪಕರಾಗಿದ್ದ ಊರು ಅದು. ಅಲ್ಲಿಯ ಬೋಡ್ಲಿಯನ್ ಗ್ರಂಥಾಲಯದಲ್ಲಿ ಸಂಸ್ಕೃತದ ಹಸ್ತಪ್ರತಿಗಳ ದೊಡ್ಡ ಭಂಡಾರವಿದೆ. ಆಸೆಯಿಲ್ಲವೆಂದರೆ ಸುಳ್ಳಾದೀತು. ಆದರೆ ಹೋಗಿಬರುವುದರಲ್ಲಿ ಅಲ್ಲಿಯ ಹಗಲಿನ ಬಹುಭಾಗವು ಕಳೆಯುವುದು. ಮನೆಯವರ ಕಾಲಿಗೂ ಅದು ತಡೆಯದು. ನಿಘಂಟು ಹೇಗೂ ನಮ್ಮ ಮನೆಯಲ್ಲಿಯೇ ಇದೆ.

ಹೊರಡಬಯಸುವ ವಾಚಕರಿಗೆ ಎರಡು ಮಾತು. ಸಂದರ್ಶಕರ ವೀಸಾಕ್ಕೆ ಪ್ರಯಾಣಕ್ಕೆ ಮೂರು ತಿಂಗಳು ಮೊದಲೇ ಅರ್ಜಿ ಹಾಕಬಹುದು; ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ ಹಿಡಿಯುವುದರಿಂದ ದಸರೆಯ ಹೊತ್ತಿಗೆ ಕಾಗದಪತ್ರಗಳನ್ನು ಸಿದ್ಧಪಡಿಸಿಕೊಳ್ಳುವುದು ಲೇಸು. ದಿನಕ್ಕೆ ಒಂದೇ ಮುಖ್ಯ ಸ್ಥಳವನ್ನಿಟ್ಟುಕೊಂಡು, ಕತ್ತಲಾಗುವ ಮೊದಲು ವಸತಿಗೆ ಮರಳುವಂತೆ ಏರ್ಪಡಿಸಿಕೊಂಡರೆ ಹಿರಿಯರಿಗೂ ಮಕ್ಕಳಿಗೂ ಯಾತ್ರೆಯು ಸುಖವಾದೀತು.