ಲಂಡನ್ ನೋಡಿದೆ, ಅಂಬರನಾಥ ನೋಡಿರಲಿಲ್ಲ



ಲೋಕಲ್ ಗಾಡಿಯಲ್ಲಿ ಎದುರಿಗೆ ಕುಳಿತವರು "ತುಮಚಂ ಗಾಂವ್ ಕುಠಲಂ?" ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? ಡೊಂಬಿವಲಿ ಎಂದರೆ ಅವರಿಗೆ ಸಮಾಧಾನವಾಗುವುದಿಲ್ಲ. "ಅದಲ್ಲ, ಮೂಲ ಊರು?" ಎನ್ನುತ್ತಾರೆ. ಆಗ ನೀವು ಉಡುಪಿ, ಹುಬ್ಬಳ್ಳಿ, ವಿಜಯಪುರ ಎಂದು ಅಪ್ಪನ ಊರಿನ ಹೆಸರು ಹೇಳುತ್ತೀರಿ. ಆ ಊರಿನಲ್ಲಿ ನೀವು ಇದುವರೆಗೆ ಕಳೆದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬಲಿಕ್ಕಿಲ್ಲ. ಅಲ್ಲಿಗೆ ಹೋದರೆ ನಿಮ್ಮ ಕನ್ನಡ ಕೇಳಿದವರು "ಮುಂಬಯಿ ಮಂದಿ ಬಂದರು" ಎಂದು ನಗುತ್ತಾರೆ. ಇಲ್ಲಿ ಹೊರಗಿನವರು, ಅಲ್ಲಿ ನೆಂಟರು. ಈ ಇಕ್ಕಟ್ಟು ನಿಮಗೆ ಹೊಸದಲ್ಲ. ಇದರ ಬಗ್ಗೆ ನಾನು ಗಂಭೀರವಾಗಿ ಯೋಚಿಸಬೇಕಾದರೆ ಮಾತ್ರ ಲಂಡನ್ನಿನವರೆಗೆ ಹೋಗಿಬರಬೇಕಾಯಿತು. ಆ ಕಥೆಯನ್ನೇ ನಿಮಗೆ ಹೇಳುತ್ತೇನೆ.

ನಾನು ಧಾರವಾಡದ ಕಡೆಯವನು. 1979ರಲ್ಲಿ ನೌಕರಿಗಾಗಿ ಬಂದು ಡೊಂಬಿವಲಿಯಲ್ಲಿ ನೆಲೆಸಿದೆ. ಮಗಳು ಇಲ್ಲೇ ಹುಟ್ಟಿ, ಇಲ್ಲೇ ಓದಿ, ಮುಂದೆ ಲಂಡನ್ನಿನಲ್ಲಿ ಕೆಲಸಕ್ಕೆ ಸೇರಿದಳು. 2018ರ ಬೇಸಿಗೆಯಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಂಡಳು. ನೋಡಬೇಕಾದ ಜಾಗಗಳ ಪಟ್ಟಿಯನ್ನು ದಿನವಾರು ಬರೆದು ಗೋಡೆಗೆ ಅಂಟಿಸಿಟ್ಟಿದ್ದಳು. ಟವರ್ ಆಫ್ ಲಂಡನ್ ಎಂಬ ಹಳೆಯ ಕೋಟೆ, ವೆಸ್ಟ್‌ಮಿನ್‌ಸ್ಟರ್ ಆಬಿ, ಗ್ರೀನಿಚ್ಚಿನಲ್ಲಿ ನೆಲದ ಮೇಲೆ ಎಳೆದ ಸೊನ್ನೆ ರೇಖಾಂಶದ ಗೆರೆ, ಎಲ್ಲವೂ ಆದವು. ಟವರಿನ ಟಿಕೆಟ್ಟಿನ ಬೆಲೆಯನ್ನು ರೂಪಾಯಿಗೆ ಗುಣಿಸಿ ನನ್ನ ಹೆಂಡತಿ ಅರ್ಧ ದಿನ ಮಾತಾಡಲಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿಗೆ ಪ್ರವೇಶ ಉಚಿತವೆಂದು ತಿಳಿದ ಮೇಲೆ ಮುಖ ಅರಳಿತು. ಅಲ್ಲಿ ಗಾಜಿನ ಗೋಡೆಯ ಹಿಂದೆ ನಮ್ಮ ಅಮರಾವತಿ ಸ್ತೂಪದ ಬಿಳಿ ಶಿಲ್ಪಗಳು ಸಾಲಾಗಿ ನಿಂತಿದ್ದವು. ಆಂಧ್ರದ ಕಲ್ಲನ್ನು ಕಾಣಲು ಇಷ್ಟು ದೂರ ಬರಬೇಕಾಯಿತೇ ಎಂದುಕೊಂಡೆ. ಅದೇ ಮಾತು ಮರುದಿನ ನನಗೇ ತಿರುಗಿಬಂತು.

ಮರುದಿನ ಮಗಳು ನಮ್ಮನ್ನು ಥೇಮ್ಸ್ ನದಿಯ ದಂಡೆಗೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬಲ್ಲಿಗೆ ಕರೆದೊಯ್ದಳು. ಅಲ್ಲಿ ಬಸವಣ್ಣನವರ ಪುತ್ಥಳಿಯಿದೆ. ಲ್ಯಾಂಬೆತ್ ಪ್ರದೇಶದ ಮೇಯರರಾಗಿದ್ದ ಕನ್ನಡಿಗ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ನಿಂತದ್ದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣ ಮಾಡಿದರು. ನದಿಯ ಆಚೆ ದಡದಲ್ಲಿ ಬ್ರಿಟಿಷ್ ಪಾರ್ಲಿಮೆಂಟು, ಈಚೆ ದಡದಲ್ಲಿ ಅನುಭವ ಮಂಟಪದ ಅಣ್ಣ. ನನ್ನ ಕಣ್ಣು ಒದ್ದೆಯಾಯಿತು. ಬೆಂಚಿನ ಮೇಲೆ ಕುಳಿತು, ಕಟ್ಟಿಕೊಂಡು ಹೋಗಿದ್ದ ಚಪಾತಿ, ಶೇಂಗಾ ಚಟ್ನಿ ಬಿಚ್ಚಿದೆವು. ಆಗ ಮಗಳು ಕೇಳಿದಳು:

"ಅಪ್ಪಾ, ಬಸವಣ್ಣ ಇದ್ದದ್ದು ನಮ್ಮ ಕಲ್ಯಾಣದಾಗ ಅಲ್ಲಂತ ನನಗ ಯಾವಾಗ ಗೊತ್ತಾತು ಹೇಳು?"

"ಯಾವಾಗ?"

"ಕಾಲೇಜಿಗೆ ಬಂದ ಮ್ಯಾಲೆ. ಅಲ್ಲೀತನಕ ಅನುಭವ ಮಂಟಪ ಕಲ್ಯಾಣ ಸ್ಟೇಷನ್ನಿನ ಆಚೆ ಎಲ್ಲೋ ಐತಿ, ನೀನು ಯಾಕೋ ಕರಕೊಂಡು ಹೋಗವಲ್ಲಿ ಅಂತ ತಿಳದಿದ್ದೆ."

ನಾವು ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಗು ನಿಂತ ಮೇಲೆ ಅವಳು ಇನ್ನೊಂದು ಪ್ರಶ್ನೆ ಹಾಕಿದಳು. "ಬಸವಣ್ಣನ ಕಲ್ಯಾಣ ಬೀದರ್ ಜಿಲ್ಲಾದಾಗ ಐತಿ, ಖರೆ. ಹಂಗಾದ್ರ ನಮ್ಮ ಕಲ್ಯಾಣದಾಗ ಏನೈತಿ?"

"ಗರ್ದಿ" ಎಂದೆ. ಅವಳು ನಗಲಿಲ್ಲ. "ಇಲ್ಲಿ ಆಫೀಸಿನಾಗ ನಿಮ್ಮೂರಾಗ ನೋಡೂದು ಏನೈತಿ ಅಂತ ಕೇಳ್ತಾರ. ನನಗ ಹೇಳಾಕ ಏನೂ ಇಲ್ಲ" ಎಂದಳು. 39 ವರ್ಷ ಅದೇ ನೆಲದಲ್ಲಿ ಬದುಕಿದ್ದ ನನ್ನಲ್ಲಿಯೂ ಉತ್ತರವಿರಲಿಲ್ಲ. ವಚನ ಕಲಿಸಿದ್ದೆ, ಧಾರವಾಡದ ಕಥೆ ಹೇಳಿದ್ದೆ. ಅವಳು ಆಡಿ ಬೆಳೆದ ಊರಿನ ಒಂದು ಕಥೆಯನ್ನೂ ಹೇಳಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇರುವುದು ನನ್ನಂಥವರಿಗಾಗಿಯೇ.

ಮಿತ್ರರೇ, ಊರಿಗೆ ಮರಳಿದ ಮೇಲೆ ನಾನು ಓದತೊಡಗಿದೆ, ಸುತ್ತತೊಡಗಿದೆ. ಮೊದಲು ಹೋದದ್ದು ಅಂಬರನಾಥಕ್ಕೆ. ಪುಣೆ ಮಾರ್ಗವಾಗಿ ನಮ್ಮೂರಿಗೆ ಹೋಗುವ ಗಾಡಿ ಪ್ರತಿಸಲವೂ ಆ ಸ್ಟೇಷನ್ನನ್ನು ದಾಟಿಯೇ ಹೋಗುತ್ತದೆ. ಕಾರ್ಖಾನೆಗಳ ಊರು ಎಂದಷ್ಟೇ ತಿಳಿದು ನಾನು ಪ್ರತಿಸಲವೂ ಅಲ್ಲಿ ಬುತ್ತಿ ಬಿಚ್ಚುತ್ತಿದ್ದೆ. ಪೂರ್ವಕ್ಕೆ ಇಳಿದು ರಿಕ್ಷಾ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ ವಾಲಧುನಿ ನದಿಯ ದಂಡೆಯ ಶಿವಾಲಯ. ಅದರ ಶಾಸನದಲ್ಲಿ ಶಕ 982 ಎಂದಿದೆ, ಅಂದರೆ ಕ್ರಿ.ಶ. 1060. ಉತ್ತರ ಕೊಂಕಣದ ಶಿಲಾಹಾರ ಅರಸ ಮುಮ್ಮುಣಿಯ ಕಾಲದ್ದು. ಹೊರಗೋಡೆಯ ಕಪ್ಪು ಕಲ್ಲಿನಲ್ಲಿ ಕೆತ್ತನೆಯಿಲ್ಲದ ಜಾಗ ಹುಡುಕಬೇಕು. ಒಳಗೆ ಇನ್ನೊಂದು ಸೋಜಿಗ. ಗರ್ಭಗುಡಿಗೆ ಮೆಟ್ಟಿಲು ಹತ್ತುವುದಲ್ಲ, ಇಳಿಯಬೇಕು. ಕೆಳಗೆ ಲಿಂಗದ ಬಳಿ ನಿಂತು ತಲೆಯೆತ್ತಿದರೆ ಮೇಲೆ ಶಿಖರ ತೆರೆದಿದೆ, ಆಕಾಶ ಕಾಣುತ್ತದೆ. ನಾನು ಅಲ್ಲಿ ತುಂಬ ಹೊತ್ತು ಕತ್ತೆತ್ತಿ ನಿಂತಿದ್ದೆ. ಹಿಂದಿನವರು "ಚಲಾ ಕಾಕಾ, ಪುಢೇ ಚಲಾ" ಎಂದಾಗಲೇ ಎಚ್ಚರ.

ಅಂದೇ ಮನೆಗೆ ಬಂದು ಲೆಕ್ಕ ಹಾಕಿದೆ. ವೆಸ್ಟ್‌ಮಿನ್‌ಸ್ಟರಿನ ಮೊದಲ ದೊಡ್ಡ ಆಬಿ ಪ್ರತಿಷ್ಠಾಪನೆಯಾದದ್ದು 1065ರಲ್ಲಿ. ಇಂದು ನಾವು ನೋಡುವ ಕಟ್ಟಡ ಅದಕ್ಕಿಂತ ಸುಮಾರು ಇನ್ನೂರು ವರ್ಷ ಈಚಿನದು. ನಮ್ಮ ಅಂಬರನಾಥ ಅದಕ್ಕೂ ಐದು ವರ್ಷ ಹಿರಿಯ, ಮತ್ತು ಅದೇ ಕಲ್ಲು ಇಂದಿಗೂ ನಿಂತಿದೆ. 1060ರಲ್ಲಿ ಆ ಇನ್ನೊಂದು ಕಲ್ಯಾಣದಿಂದ, ಅಂದರೆ ಬಸವಕಲ್ಯಾಣದಿಂದ, ಆಳುತ್ತಿದ್ದವನು ಚಾಲುಕ್ಯರ ಒಂದನೆಯ ಸೋಮೇಶ್ವರ. ಬಸವಣ್ಣನವರು ಅಲ್ಲಿಗೆ ಬರುವುದು ಅದಾದ ಮುಂದಿನ ಶತಮಾನದಲ್ಲಿ.

ಇನ್ನು ನಮ್ಮ ಕಲ್ಯಾಣ. ಕ್ರಿ.ಶ. ಒಂದನೆಯ ಶತಮಾನದಲ್ಲಿ ಒಬ್ಬ ಗ್ರೀಕ್ ನಾವಿಕ ಬರೆದ ಪೆರಿಪ್ಲಸ್ ಎಂಬ ಪುಸ್ತಕದಲ್ಲಿ ಈ ಬಂದರಿನ ಹೆಸರು 'ಕಲ್ಲಿಯೆನ' ಎಂದಿದೆ. ಮೊದಲು ಇಲ್ಲಿ ವ್ಯಾಪಾರ ಸಲೀಸಾಗಿತ್ತು, ಈಗ ಅಡ್ಡಿಯಾಗಿದೆ, ಇಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಒಯ್ಯುತ್ತಾರೆ ಎಂದು ಅವನ ದೂರು. ರೋಮನ್ನರು ಥೇಮ್ಸ್ ದಂಡೆಯಲ್ಲಿ ಲಂಡನ್ನಿನ ಅಡಿಪಾಯ ಹಾಕಿದ್ದೂ ಅದೇ ಶತಮಾನದಲ್ಲಿ! ಲಂಡನ್ ಇನ್ನೂ ತೊಟ್ಟಿಲಲ್ಲಿದ್ದಾಗ ನಮ್ಮ ಕಲ್ಯಾಣದ ವ್ಯಾಪಾರದ ಜಗಳ ಪುಸ್ತಕಕ್ಕೆ ಏರಿತ್ತು. 1657ರಲ್ಲಿ ಶಿವಾಜಿ ಮಹಾರಾಜರು ಕಲ್ಯಾಣ, ಭಿವಂಡಿಗಳನ್ನು ಗೆದ್ದರು. ಖಾಡಿಯ ದಂಡೆಯ ದುರ್ಗಾಡಿ ಕೋಟೆಯ ಮೇಲೆ ಸಂಜೆ ನಿಂತು ನೀರು ನೋಡಿ. ಗ್ರೀಕರ ಹಡಗೂ ಮರಾಠರ ಹಡಗೂ ಕಂಡ ನೀರು ಅದು.

ಠಾಣೆಯಂತೂ ರಾಜಧಾನಿಯೇ. ಶಿಲಾಹಾರರ ತಾಮ್ರಪಟಗಳಲ್ಲಿ ಅದರ ಹೆಸರು ಸ್ಥಾನಕ. ಹದಿಮೂರನೆಯ ಶತಮಾನದ ಮಾರ್ಕೊ ಪೋಲೊ ಅದನ್ನು ಒಂದು ರಾಜ್ಯವೆಂದೇ ಬರೆದಿದ್ದಾನೆ. ಪೋರ್ತುಗೀಜರು 1730ರಲ್ಲಿ ಕಟ್ಟಲು ತೊಡಗಿದ ಕೋಟೆ ಈಗ ಸೆಂಟ್ರಲ್ ಜೈಲು. ಅದನ್ನು ಹೊರಗಿನಿಂದ ನೋಡಿದರೆ ಸಾಕು, ಒಳಗೆ ಹೋಗುವ ಆಸೆ ಬೇಡ! ಮಾಸುಂದಾ ಕೆರೆಯ ದಂಡೆಯ ಕೋಪಿನೇಶ್ವರನಿಗೆ ಕೈಮುಗಿದು ಸ್ಟೇಷನ್ನಿಗೆ ಬನ್ನಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ಗಾಡಿ ಬಂದು ನಿಂತದ್ದು ಇಲ್ಲಿಗೆ, 14 ಡಬ್ಬಿ, ಸುಮಾರು 400 ಜನ. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಮಗಳು ಹೆಮ್ಮೆಯಿಂದ ತೋರಿಸಿದ ಲಂಡನ್ನಿನ ನೆಲದಡಿಯ ರೈಲು ಶುರುವಾದದ್ದು 1863ರಲ್ಲಿ.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದು ನಿಲ್ಲಿಸಿದ್ದು ಬೋರಿವಲಿಯ ಕಾನ್ಹೇರಿ ಗುಹೆಗಳು. ನೂರಕ್ಕೂ ಮೀರಿದ ಬೌದ್ಧ ಗುಹೆಗಳು ಅಲ್ಲಿವೆ. ಪ್ರಾಚೀನ ಶಾಸನಗಳಲ್ಲಿ ದಾನ ಕೊಟ್ಟ ಕಲ್ಯಾಣದ ವರ್ತಕರ ಉಲ್ಲೇಖವಿದೆ. ಒಂಬತ್ತನೆಯ ಶತಮಾನದ ಸಂಸ್ಕೃತ ಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ. ಹೌದು, ಮಳಖೇಡದಿಂದ ಆಳಿದ ನಮ್ಮ ನೃಪತುಂಗನೇ. ನಮಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಅವನ ಸಾಮಂತರಾಗಿ ಕೊಂಕಣವನ್ನು ಆಳುತ್ತಿದ್ದವರೇ ಶಿಲಾಹಾರರು. ಅವರ ವಂಶಾವಳಿಯಲ್ಲಿ ವಪ್ಪುವಣ್ಣ ಎಂಬ ಹೆಸರು ಕಂಡಾಗ ನಮ್ಮ ಓಣಿಯ ಯಾರನ್ನೋ ಕಂಡಂತಾಯಿತು.

ಇದನ್ನು ಓದಿ, "ನೋಡಿ, ಈ ನೆಲ ಮೊದಲು ಕನ್ನಡಿಗರದ್ದು" ಎಂದು ಎದೆ ತಟ್ಟಿಕೊಂಡು ಯಾರ ಜೊತೆಗೂ ಜಗಳಕ್ಕೆ ಹೋಗಬೇಡಿ. ನಾನು ಹೇಳುತ್ತಿರುವುದು ಅದಲ್ಲ. ಕಾನ್ಹೇರಿಯಲ್ಲಿ ದಾನ ಕೊಟ್ಟವರಲ್ಲಿ ಗೌಡದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಬೌದ್ಧ ಭಕ್ತನೂ ಇದ್ದಾನೆ. ಚಕ್ರವರ್ತಿ ಮಳಖೇಡದವನು, ಸಾಮಂತ ಕೊಂಕಣದವನು, ದಾನಿ ಬಂಗಾಳದವನು, ಭಾಷೆ ಸಂಸ್ಕೃತ. ಎಲ್ಲಿಂದಲೋ ಬಂದ ಆ ಭಕ್ತ ಭಿಕ್ಷುಗಳ ವಾಸಕ್ಕಾಗಿ ಕೊಟ್ಟದ್ದನ್ನು ಈ ನೆಲದ ಕಲ್ಲು ಸಾವಿರದ ನೂರು ವರ್ಷಕ್ಕೂ ಮೀರಿ ನೆನಪಿಟ್ಟುಕೊಂಡಿದೆ. ಹೊರಗಿನವನೆಂದು ಅವನನ್ನು ಅಳಿಸಲಿಲ್ಲ. ಹೊಟ್ಟೆಪಾಡಿಗಾಗಿ ಬಂದ ನಮ್ಮ ಹಿರಿಯರಿಗೂ ಅವರ ಮಕ್ಕಳಾದ ನಿಮಗೂ ಇದಕ್ಕಿಂತ ದೊಡ್ಡ ಧೈರ್ಯ ಯಾವುದು ಬೇಕು?

2019ರ ಡಿಸೆಂಬರಿನಲ್ಲಿ ಮಗಳು ರಜೆಗೆ ಬಂದಳು. ಈ ಸಲ ಪಟ್ಟಿ ಬರೆದು ಗೋಡೆಗೆ ಅಂಟಿಸಿದವನು ನಾನು. ಅಂಬರನಾಥದ ಗರ್ಭಗುಡಿಯಲ್ಲಿ ಅವಳೂ ನನ್ನಂತೆಯೇ ಕತ್ತೆತ್ತಿ ನಿಂತಳು. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು ಚಪಾತಿ ಬಿಚ್ಚಿದಾಗ, "ಅಪ್ಪಾ, ಇದನ್ನ ಇಷ್ಟು ತಡಾ ಮಾಡಿ ಯಾಕ ತೋರ್ಸಿದಿ?" ಎಂದಳು. ಆ ಮಾತಿಗೂ ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕೇ ಈ ಲೇಖನ.

ನಿಮ್ಮ ಅಪ್ಪ ಅಮ್ಮ ತೋರಿಸಲಿ ಎಂದು ಕಾಯಬೇಡಿ, ಅವರೂ ನೋಡಿರಲಿಕ್ಕಿಲ್ಲ. ನೀವೇ ಅವರನ್ನು ಕರೆದುಕೊಂಡು ಹೋಗಿ. ಒಂದು ಭಾನುವಾರ ಅಂಬರನಾಥ, ಇನ್ನೊಂದು ಭಾನುವಾರ ಠಾಣೆ, ದುರ್ಗಾಡಿ. ಕಾನ್ಹೇರಿಗೆ ಮಾತ್ರ ಇಡೀ ದಿನ ಬೇಕು, ಸೋಮವಾರ ಬೇಡ, ಬಾಗಿಲು ಹಾಕಿರುತ್ತದೆ. ಮೆಗಾ ಬ್ಲಾಕ್ ಇದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ, ನೀರಿನ ಬಾಟಲಿ ಮರೆಯಬೇಡಿ. ಲಂಡನ್, ಪ್ಯಾರಿಸ್, ರೋಮ್ ಕೂಡ ಖಂಡಿತ ನೋಡಿ. ಅಲ್ಲಿ ಯಾರಾದರೂ ನಿಮ್ಮೂರಿನಲ್ಲಿ ಏನಿದೆ ಎಂದು ಕೇಳಿದರೆ, ನನ್ನ ಹಾಗೆ "ಗರ್ದಿ" ಎಂದು ಹೇಳಿ ತಲೆ ತಗ್ಗಿಸಬೇಡಿ.

ಇನ್ನು ಗಾಡಿಯಲ್ಲಿ "ತುಮಚಂ ಗಾಂವ್ ಕುಠಲಂ?" ಎಂದು ಕೇಳುವವರಿಗೆ ನಾನು ಈಗ ಎರಡು ಊರಿನ ಹೆಸರನ್ನೂ ಹೇಳುತ್ತೇನೆ. ಧಾರವಾಡ ಮತ್ತು ಡೊಂಬಿವಲಿ. ಅವರಿಗೆ ಪುರಸೊತ್ತಿದ್ದರೆ ಅಂಬರನಾಥದ ಕಥೆಯನ್ನೂ ಹೇಳುತ್ತೇನೆ. ಅವರಲ್ಲಿ ಹೆಚ್ಚಿನವರೂ ಅದನ್ನು ನೋಡಿರುವುದಿಲ್ಲ!